ಸೇತುವೆಗೆ ಮೊದಲೇ ಹರಿಗೋಲು

ವಿರೂಪಾಪುರಗಡ್ಡೆಯ ದಂಡೆಯಲ್ಲಿ ನಿಂತರೆ ಎದುರಿಗೇ ವಿರೂಪಾಕ್ಷನ ಗೋಪುರ. ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ನಡುವೆ ತುಂಗಭದ್ರೆ ಹರಿಯುತ್ತಾಳೆ. ಗಡ್ಡೆಯಿಂದ ಹಂಪಿಗೆ ನೇರ ಸೇತುವೆ ಇಲ್ಲ. ದಾಟಬೇಕೆಂದರೆ ದೋಣಿ, ಇಲ್ಲವೇ ಹರಿಗೋಲು. ಹೊಳೆ ತುಂಬಿದರೆ ಅದೂ ಇಲ್ಲ. ಊರೂರು ಸುತ್ತಿ ಹೋಗಬೇಕು.

1520ರ ಸುಮಾರಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸರ ಡೊಮಿಂಗೊ ಪಾಯಸ್, ಆನೆಗುಂದಿಗೆ ಜನ ದಾಟುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದುಂಡನೆಯ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನ ಹಿಡಿಯುತ್ತಿದ್ದರಂತೆ. ಎತ್ತು, ಕುದುರೆಗಳೂ ದಾಟುತ್ತಿದ್ದವಂತೆ. ಐನೂರು ವರ್ಷದ ಮೇಲೂ ಹರಿಗೋಲು ದುಂಡಗೇ ಇದೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಈ ತಿದ್ದುಪಡಿಗೆ ಯಾವ ಇಲಾಖೆಯೂ ಆದೇಶ ಹೊರಡಿಸಲಿಲ್ಲ. ಯಾವ ಎಂಜಿನಿಯರನೂ ನಕ್ಷೆ ಬರೆದುಕೊಡಲಿಲ್ಲ. ದಾಟಬೇಕಾದವರು ತಾವೇ ಮಾಡಿಕೊಂಡರು, ಅಷ್ಟೆ.

ಇಂಥದೇ ಒಂದು ಕತೆ ಈಚೆಗೆ ನೀರೇ ಇಲ್ಲದ ಜಾಗದಲ್ಲಿ, ಅಂತರಿಕ್ಷದಲ್ಲಿ ನಡೆದಿದೆ. ನಿಜವಾದ ಅಂತರಿಕ್ಷದಲ್ಲಲ್ಲ, ಕಂಪ್ಯೂಟರಿನ ಪರದೆಯ ಮೇಲೆ. ಮಕ್ಕಳ ಆಟದ ಮಾತು ಊರ ಉಸಾಬರಿಯ ಪುಟದಲ್ಲಿ ಯಾಕೆ ಎಂದು ಓದುಗರು ಮೂಗು ಮುರಿಯಬಾರದು. ಈ ಗಡ್ಡೆಯ ಮೇಲೆ ಉಂಡವರಿಗೂ ನೊಂದವರಿಗೂ ಆ ಕತೆ ಅಪರಿಚಿತ ಅನ್ನಿಸಲಾರದು.

ಸಾವಿರ ಗ್ರಹ, ಒಂದು ಆಟ

ಆಟದ ಹೆಸರು ಸ್ಟಾರ್‌ಫೀಲ್ಡ್. ಮಾಡಿದವರು ಅಮೇರಿಕೆಯ ಬೆಥೆಸ್ಡಾ ಗೇಮ್ ಸ್ಟುಡಿಯೋಸ್. 2021ರಲ್ಲಿ ಮೈಕ್ರೋಸಾಫ್ಟಿನ ತೆಕ್ಕೆಗೆ ಬಂದ ಕಂಪನಿ ಇದು. ಆಟ ಅಂಗಡಿಗೆ ಬಂದದ್ದು 2023ರ ಸೆಪ್ಟೆಂಬರ್ 6ರಂದು. ಹೆಚ್ಚು ದುಡ್ಡು ಕೊಟ್ಟವರಿಗೆ ಐದು ದಿನ ಮೊದಲೇ ಬಾಗಿಲು ತೆರೆದಿತ್ತು.

ದೊಡ್ಡಾಟದಲ್ಲಿ ಒಬ್ಬ ವೇಷ ಕಟ್ಟಿ ರಾಜನೋ ರಾಕ್ಷಸನೋ ಆಗುತ್ತಾನಲ್ಲ, ಹಾಗೆ ಇಲ್ಲಿ ಆಡುವವನೇ ಪಾತ್ರಧಾರಿ. ಕಾಲ 2330ನೇ ಇಸವಿ. ಮೊದಲಿಗೆ ಆತ ಗಣಿ ಕೂಲಿ. ಸಂಡೂರು ಹೊಸಪೇಟೆಯ ಮಣ್ಣು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಹಡಗು ಸಿಗುತ್ತದೆ, ಜೊತೆಗಾರರು ಸಿಗುತ್ತಾರೆ, ಸಾವಿರಕ್ಕೂ ಮಿಕ್ಕಿ ಗ್ರಹಗಳು ತಿರುಗಾಡಲಿಕ್ಕೆ ಸಿಗುತ್ತವೆ.

ಸಾವಿರ ಗ್ರಹ ಕೊಟ್ಟವರು ಸಣ್ಣಪುಟ್ಟದ್ದನ್ನು ಮರೆತಿದ್ದರು. ಊರಿನೊಳಗೆ ದಾರಿ ತೋರುವ ಸರಿಯಾದ ನಕ್ಷೆ ಇರಲಿಲ್ಲ. ಕಣ್ಣಿನ ನೋಟದ ಅಗಲ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲಿಲ್ಲ. ಎದುರಿಗೆ ಮೇಜಿನ ಮೇಲೆ ಊಟ ಇಟ್ಟಿದ್ದರೆ ಅದನ್ನು ಅಲ್ಲೇ ತಿನ್ನುವಂತಿರಲಿಲ್ಲ. ಮೊದಲು ಚೀಲಕ್ಕೆ ಹಾಕಿಕೊಂಡು, ಚೀಲ ತೆರೆದು, ಆಮೇಲೆ ತಿನ್ನಬೇಕಿತ್ತು. ಆ ಚೀಲದ ಪಟ್ಟಿಯೋ, ಕಿರಾಣಿ ಅಂಗಡಿಯ ಹಳೇ ಖಾತೆ ಪುಸ್ತಕದ ಹಾಗೆ, ಬೇಕಾದದ್ದು ಬೇಗ ಸಿಕ್ಕುವುದಿಲ್ಲ.

‘ಮಾಡ್’ ಅಂದರೆ ಮಾಡು

ಕಂಪನಿ ಸರಿಮಾಡಲಿ ಎಂದು ಕೈಕಟ್ಟಿ ಕೂಡುವ ಜಾತಿಯವರಲ್ಲ ಈ ಆಟಗಾರರು. ಕಂಪನಿಯ ಆಟಕ್ಕೆ ಆಡುವವರೇ ಹೊರಗಿನಿಂದ ಮಾಡುವ ತಿದ್ದುಪಡಿಗೆ ಇಂಗ್ಲಿಷಿನಲ್ಲಿ ‘ಮಾಡ್’ ಎಂದು ಹೆಸರು. ಕನ್ನಡದ ಕಿವಿಗೆ ಅದು ‘ಮಾಡು’ ಎಂದೇ ಕೇಳುತ್ತದೆ. ಅರ್ಥವೂ ದೂರದ್ದೇನಲ್ಲ. ಕೇಳುತ್ತ ಕೂಡಬೇಡ, ಮಾಡು!

ಇಂಥ ತಿದ್ದುಪಡಿಗೆಂದೇ ಬೆಥೆಸ್ಡಾದವರು ‘ಕ್ರಿಯೇಶನ್ ಕಿಟ್’ ಎಂಬ ಉಪಕರಣದ ಪೆಟ್ಟಿಗೆಯನ್ನು ಕೊಡುವ ರೂಢಿ ಇದೆ. ತಾವು ಆಟ ಕಟ್ಟಿದ ಹತಾರಗಳನ್ನೇ ಆಟಗಾರರ ಕೈಗೆ ಕೊಡುವುದು ಅದು. ಆದರೆ ಸ್ಟಾರ್‌ಫೀಲ್ಡ್ ಬಂದ ದಿನ ಆ ಪೆಟ್ಟಿಗೆ ಬರಲಿಲ್ಲ. ಆಮೇಲೆ ಬರುತ್ತದೆ ಎಂಬ ಭರವಸೆ ಬಂತು. ತಾಲೂಕು ಕಚೇರಿಗೆ ಅಲೆದವರಿಗೆ ‘ಆಮೇಲೆ’ ಎಂಬ ಮಾತಿನ ತೂಕ ಗೊತ್ತು.

ಹುಡುಗರು ಕಾಯಲಿಲ್ಲ. ಮೊದಲ ವಾರದಲ್ಲೇ ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಶುರು ಮಾಡಿದರು. ಆಟದ ಜೊತೆಗೆ ಐಎನ್‌ಐ ಎಂಬ ಸೆಟ್ಟಿಂಗಿನ ಕಡತ ಇರುತ್ತದೆ. ಬರೀ ಅಕ್ಷರದ ಕಡತ. ಯಾರು ಬೇಕಾದರೂ ತೆರೆದು ತಿದ್ದಬಹುದು. ನೋಟದ ಅಗಲವನ್ನು ಅಲ್ಲಿ ಒಂದು ಸಾಲು ಬರೆದು ಸರಿಮಾಡಿಕೊಂಡರು. ಇನ್ನೆರಡು ಸಾಲು ಬರೆದರೆ ಆಟವು ಕಂಪನಿಯ ಬೀಗ ಹಾಕಿದ ಗಂಟಿನ ಜೊತೆಗೆ ಹೊರಗಿಟ್ಟ ಬಿಡಿ ಕಡತಗಳನ್ನೂ ಓದುತ್ತದೆ ಎಂದು ಗೊತ್ತಾಯಿತು. ಅಲ್ಲಿಗೆ ಹಿತ್ತಿಲ ಬಾಗಿಲು ತೆರೆದ ಹಾಗಾಯಿತು. ಗೋಡೆಯ ಬಣ್ಣ, ಬಟ್ಟೆಯ ಬಣ್ಣ, ಚೀಲದ ಪಟ್ಟಿ ಎಲ್ಲ ಬದಲಾದವು. ಸ್ಟಾರ್‌ಯುಐ ಎಂಬ ತಿದ್ದುಪಡಿ ಆ ಪಟ್ಟಿಯನ್ನೇ ಅಚ್ಚುಕಟ್ಟಾಗಿ ಮನೆಗಳನ್ನು ಹಾಕಿ ತೋರಿಸಿತು. ಬೆಲೆ ಎಷ್ಟು, ತೂಕ ಎಷ್ಟು ಎಲ್ಲವೂ ಒಂದೇ ಸಾಲಿನಲ್ಲಿ. ಜನ ಮುಗಿಬಿದ್ದು ಇಳಿಸಿಕೊಂಡರು.

ಇನ್ನೂ ಒಳಕ್ಕೆ ಹೋಗಬೇಕೆನ್ನುವವರಿಗೆ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ಹತಾರ ತಯಾರಾಯಿತು. ಹಿಂದಿನ ಸ್ಕೈರಿಮ್, ಫಾಲ್‌ಔಟ್ ಆಟಗಳಿಗೂ ಹೀಗೇ ಮಾಡಿಕೊಂಡಿದ್ದರು. ಆಟ ಓಡುತ್ತಿರುವಾಗಲೇ ಅದರ ಹೊಟ್ಟೆಯೊಳಗೆ ಇಂತಿಂಥ ಜಾಗದಲ್ಲಿ ಕೈಹಾಕಿ, ಇಲ್ಲದ ಸೌಕರ್ಯ ಸೇರಿಸುವ ಉಪಾಯ ಅದು. ಎಕ್ಸ್‌ಎಡಿಟ್ ಎಂಬ ಇನ್ನೊಂದು ಹಳೆಯ ಹತಾರವನ್ನೂ ಹೊಸ ಆಟಕ್ಕೆ ಒಗ್ಗಿಸಿದರು. ಕಂಪನಿ ತನ್ನ ಲೆಕ್ಕಪತ್ರವನ್ನು ಯಾವ ಸಾಲಿನಲ್ಲಿ ಯಾವ ಮನೆಯಲ್ಲಿ ಬರೆದಿದೆ ಎಂದು ಊಹಿಸಿ, ಪರೀಕ್ಷಿಸಿ, ತಪ್ಪಿ, ಮತ್ತೆ ಊಹಿಸಿ ಓದುವ ಕೆಲಸ ಅದು. ಬೀಗದಕೈ ಇಲ್ಲದೆ ಬೀಗದ ಒಳಗಿನ ಹಲ್ಲು ಎಣಿಸಿದ ಹಾಗೆ. ಅದಕ್ಕೆ ಸಂಬಳವಿಲ್ಲ, ಸಾರಿಗೆ ಭತ್ಯೆ ಇಲ್ಲ.

ಕಂಪನಿ ಸುಮ್ಮನಿತ್ತೇ? ಇಲ್ಲ. ನೋಟದ ಅಗಲದ ಗುಂಡಿ 2023ರ ಅಕ್ಟೋಬರಿನಲ್ಲಿ ಬಂತು. ಕಂಡ ಊಟವನ್ನು ಕಂಡಲ್ಲೇ ತಿನ್ನುವ ಸೌಕರ್ಯ ನವೆಂಬರಿನಲ್ಲಿ ಬಂತು. ಎನ್‌ವಿಡಿಯಾ ಕಾರ್ಡಿನವರ ಚಿತ್ರ ಚುರುಕಾಗಿ ಓಡಲು ಬೇಕಾದ ಡಿಎಲ್‌ಎಸ್‌ಎಸ್ ಕೂಡ ಅದೇ ನವೆಂಬರಿನಲ್ಲಿ. ಹುಡುಗರು ಅದನ್ನು ಸೆಪ್ಟೆಂಬರಿನ ಮೊದಲ ದಿನಗಳಲ್ಲೇ ಜೋಡಿಸಿ ಕೂತಿದ್ದರು. ಊರಿನ ಸರಿಯಾದ ನಕ್ಷೆ 2024ರ ಮೇ ತಿಂಗಳಿಗೆ ಬಂತು. ಸರಕಾರಿ ನಲ್ಲಿ ಬರುವ ಹೊತ್ತಿಗೆ ಓಣಿಯವರೆಲ್ಲ ಬೋರು ಹಾಕಿಸಿಕೊಂಡಿರುತ್ತಾರಲ್ಲ, ಹಾಗೆ.

ಬರಬರುತ್ತ ಹೆಚ್ಚಿದ ತಡ

ಇಲ್ಲಿ ಒಂದು ಲೆಕ್ಕ ನೋಡಬೇಕು. ಇದೇ ಕಂಪನಿ 2002ರಲ್ಲಿ ಮಾರೋವಿಂಡ್ ಎಂಬ ಆಟವನ್ನು ಕಂಪ್ಯೂಟರಿಗೆ ತಂದಾಗ ಉಪಕರಣದ ಸಿಡಿಯನ್ನು ಆಟದ ಡಬ್ಬಿಯಲ್ಲೇ ಇಟ್ಟು ಕೊಟ್ಟಿತ್ತು. ಆಟ ಬಂದ ದಿನವೇ ಹತಾರ ಬಂತು. ಸ್ಕೈರಿಮ್ ಬಂದದ್ದು 2011ರ ನವೆಂಬರ್, ಹತಾರ ಬಂದದ್ದು 2012ರ ಫೆಬ್ರವರಿ. ಸುಮಾರು ಮೂರು ತಿಂಗಳು. ಫಾಲ್‌ಔಟ್ 4 ಬಂದದ್ದು 2015ರ ನವೆಂಬರ್, ಹತಾರ 2016ರ ಏಪ್ರಿಲ್. ಐದು ತಿಂಗಳು. ಸ್ಟಾರ್‌ಫೀಲ್ಡಿಗೆ ಹತಾರ ಬಂದದ್ದು 2024ರ ಜೂನ್ 9ರಂದು. ಒಂಬತ್ತು ತಿಂಗಳು! ಕಂಪನಿ ಬೆಳೆದಂತೆ ತಡವೂ ಬೆಳೆಯಿತು.

ಒಂಬತ್ತು ತಿಂಗಳಲ್ಲಿ ಆದ ತೊಂದರೆ ಎಂಥದು? ಕಂಪನಿ ಆಟವನ್ನು ಹೊಸದು ಮಾಡಿದಾಗಲೆಲ್ಲ ಹೊಟ್ಟೆಯೊಳಗಿನ ಜಾಗಗಳೇ ಬದಲಾಗುತ್ತವೆ. ಓಣಿಯ ಮನೆಗಳಿಗೆಲ್ಲ ರಾತ್ರೋರಾತ್ರಿ ಹೊಸ ನಂಬರು ಬರೆದರೆ ಟಪಾಲಿನವನ ಗತಿ ಏನು? ಸ್ಕ್ರಿಪ್ಟ್ ಎಕ್ಸ್‌ಟೆಂಡರಿಗೂ ಅದೇ ಗತಿ. ಪ್ರತಿ ಸಲವೂ ತಯಾರಕರು ಕೂತು ಹೊಸ ನಂಬರು ಹುಡುಕಬೇಕು. ಅಲ್ಲಿಯವರೆಗೆ ಅದನ್ನು ನಂಬಿದ ತಿದ್ದುಪಡಿಗಳೆಲ್ಲ ಮಲಗುತ್ತವೆ. ದೊಡ್ಡ ಕೆಲಸ ಮಾಡಿದವರ ಕಷ್ಟ ಇನ್ನೂ ದೊಡ್ಡದು. ಹೊಸ ಊರು, ಹೊಸ ಪಾತ್ರ ಸೇರಿಸಿದ ಕಡತ ಅಧಿಕೃತ ಹತಾರದ ಲೆಕ್ಕಕ್ಕೆ ತಾಳೆಯಾಗದಿದ್ದರೆ ಆಡಿ ಉಳಿಸಿಟ್ಟ ಆಟವೇ ಕೆಡಬಹುದು. ಅದಕ್ಕೇ ಅನುಭವಿಗಳು, ಹತಾರ ಬರುವ ತನಕ ದೊಡ್ಡದಕ್ಕೆ ಕೈಹಾಕುವುದು ಸರಿಯಲ್ಲ ಎಂದು ಎಚ್ಚರಿಸಿದ್ದರು. ಕೆಲವರು ಕೇಳಿದರು. ಕೆಲವರು ಕೇಳಲಿಲ್ಲ.

ಓಡುವ ಯಂತ್ರಕ್ಕೆ ತೇಪೆ ಹಾಕುವುದೆಂದರೇನು ಎಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ನೀರು ಖಾಲಿಯಾದ ಮೇಲೆ ಹೊಸ ಗೇಟು ಕೂಡಿಸೋಣ ಎಂದಿದ್ದರೆ ಗಂಗಾವತಿಯ ಭತ್ತದ ಗತಿ ಏನಾಗುತ್ತಿತ್ತು? ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ವಾರದೊಳಗೆ ನೀರು ನಿಂತಿತು. ಅದು ಕಾಯಂ ಗೇಟು ಅಲ್ಲ ಎಂದು ಇಳಿಸಿದವರಿಗೂ ಗೊತ್ತಿತ್ತು, ನೋಡಿದವರಿಗೂ ಗೊತ್ತಿತ್ತು. ಆದರೆ ಬೆಳೆಗೆ ಬೇಕಾದದ್ದು ಆ ವರ್ಷದ ನೀರು.

ಪೆಟ್ಟಿಗೆ ಬಂತು, ಅಂಗಡಿಯೂ ಬಂತು

ಜೂನ್ 9ಕ್ಕೆ ಕ್ರಿಯೇಶನ್ ಕಿಟ್ ಪುಕ್ಕಟೆಯಾಗಿಯೇ ಬಂತು. ಒಳ್ಳೆಯದಾಯಿತು. ಅಲ್ಲಿಯವರೆಗೆ ಎಕ್ಸ್‌ಬಾಕ್ಸ್ ಪೆಟ್ಟಿಗೆಯಲ್ಲಿ ಆಡುವವರಿಗೆ ಯಾವ ತಿದ್ದುಪಡಿಯೂ ಸಿಕ್ಕಿರಲಿಲ್ಲ. ಅವರ ಪೆಟ್ಟಿಗೆಗೆ ಹಿತ್ತಿಲ ಬಾಗಿಲೇ ಇಲ್ಲ. ಅಧಿಕೃತ ದಾರಿ ಆದ ಮೇಲೆ ಅವರೂ ದಾಟಿದರು. ಇದನ್ನು ಒಪ್ಪಲೇಬೇಕು. ಹರಿಗೋಲಿನಲ್ಲಿ ಈಜು ಬಲ್ಲವನು ಧೈರ್ಯವಾಗಿ ಕೂಡುತ್ತಾನೆ. ಮುದುಕಿಗೆ, ಬಸುರಿಗೆ, ರೋಗಿಗೆ ಸೇತುವೆಯೇ ಬೇಕು.

ಆದರೆ ಸೇತುವೆಯ ಜೊತೆಗೆ ಟೋಲ್ ನಾಕಾ ಕೂಡ ಬಂತು. ‘ಕ್ರಿಯೇಶನ್ಸ್’ ಎಂಬ ಅಂಗಡಿಯನ್ನು ಆಟದೊಳಗೇ ತೆರೆದರು. ಪುಕ್ಕಟೆ ಸರಕೂ ಉಂಟು, ದುಡ್ಡಿನ ಸರಕೂ ಉಂಟು. ಕಂಪನಿಯದೇ ಒಂದು ಸಣ್ಣ ಕತೆಯ ಮೊದಲ ಕಂತು ಪುಕ್ಕಟೆ, ಎರಡನೇ ಕಂತಿಗೆ ಸುಮಾರು ಏಳು ಡಾಲರ್ ಎಂದಾಗ ಆಟಗಾರರು ರೊಚ್ಚಿಗೆದ್ದರು. ಬೆಲೆಯ ಬಗ್ಗೆ ಜನ ಹೇಳಿದ್ದನ್ನು ಗಮನಿಸುತ್ತೇವೆ ಎಂದು ಮುಖ್ಯಸ್ಥ ಟಾಡ್ ಹೋವರ್ಡ್ ಸಮಾಧಾನ ಹೇಳಬೇಕಾಯಿತು. ಒಂಬತ್ತು ತಿಂಗಳು ಪುಕ್ಕಟೆ ದುಡಿದು ಆಟವನ್ನು ಬದುಕಿಸಿಟ್ಟವರ ಮುಂದೆಯೇ ಕಂಪನಿ ತನ್ನ ಗಲ್ಲಾ ಇಟ್ಟದ್ದು ಹಲವರಿಗೆ ಸೇರಲಿಲ್ಲ. ಅಂಗಡಿಯಲ್ಲಿ ಮಾರುವ ಭಾಗ್ಯವೂ ಕಂಪನಿ ಒಪ್ಪಿದ ತಯಾರಕರಿಗೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಕನ್ನಡವೂ ಹೀಗೇ ದಾಟಿತ್ತು

ಇದೆಲ್ಲ ಅಮೇರಿಕದ ಮಾತು ಎನ್ನುವವರು ಕನ್ನಡ ಅಕ್ಷರದ ಕತೆ ನೆನೆಯಬೇಕು. ಕಂಪ್ಯೂಟರ್ ಬಂದಾಗ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ದೊಡ್ಡ ಕಂಪನಿಗಳು ಕೊಡುತ್ತವೆ ಎಂದು ಕಾದಿದ್ದರೆ ಪತ್ರಿಕೆಗಳು ಮೊಳೆ ಜೋಡಿಸುತ್ತಲೇ ಕೂಡಬೇಕಿತ್ತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ರೂಪಿಸಿ, ಸೇಡಿಯಾಪು ಎಂಬ ತಂತ್ರಾಂಶವನ್ನು ಪುಕ್ಕಟೆ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಲಿಪಿ ಕೂಡಿಸಿದ್ದು 2001ರಲ್ಲಿ. ಆ ಲಿಪಿಯ ಹೆಸರು ತುಂಗಾ! ಅಷ್ಟು ಹೊತ್ತಿಗೆ ಕನ್ನಡ ತನ್ನದೇ ಹರಿಗೋಲಿನಲ್ಲಿ ದಾಟಿಯಾಗಿತ್ತು.

ಅಲ್ಲಿಯೂ ಪೆಟ್ಟು ಬೀಳದೆ ಇರಲಿಲ್ಲ. ಆಗಿನ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಕೂತಿದ್ದವು. ಒಬ್ಬೊಬ್ಬರ ಫಾಂಟಿಗೆ ಒಂದೊಂದು ಲೆಕ್ಕ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಕಾಗೆ ಕಾಲು ಗುಬ್ಬಿ ಕಾಲು. ಆಮೇಲೆ ಜಗತ್ತಿಗೆಲ್ಲ ಒಂದೇ ಲೆಕ್ಕದ ಯೂನಿಕೋಡ್ ರೂಢಿಗೆ ಬಂದಾಗ ಹಳೆಯ ಕಡತಗಳನ್ನೆಲ್ಲ ಪರಿವರ್ತಕಕ್ಕೆ ಹಾಕಿ, ಒತ್ತಕ್ಷರ ತಿದ್ದಿ, ಮತ್ತೆ ಓದಬೇಕಾಯಿತು. ಡಿಟಿಪಿ ಅಂಗಡಿಯವರು ಇಂದೂ ಆ ಸುಂಕ ಕಟ್ಟುತ್ತಿದ್ದಾರೆ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಕೆ.ಪಿ. ರಾವ್ ಅವರ ಕೀಲಿಮಣೆಯ ಜೋಡಣೆಯನ್ನು ಸರಕಾರ ಕಿತ್ತೆಸೆಯಲಿಲ್ಲ. ಅದನ್ನೇ ಆಧಾರ ಮಾಡಿಕೊಂಡು ರಾಜ್ಯದ ಶಿಷ್ಟತೆ ಎಂದು ಒಪ್ಪಿತು. ಜನ ಮಾಡಿಕೊಂಡದ್ದನ್ನು ಅಧಿಕೃತದೊಳಗೆ ಸೇರಿಸಿಕೊಂಡ ಉದಾಹರಣೆ ಅದು. ಮನಸ್ಸಿದ್ದರೆ ಆಗುತ್ತದೆ.

ಗಡ್ಡೆಯ ಮಾತು

ಈಗ ಗಡ್ಡೆಗೆ ಬರೋಣ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜಗತ್ತೇ ನೋಡಲು ಬಂತು. ಬಂದವರು ಮಲಗುವುದೆಲ್ಲಿ, ಉಣ್ಣುವುದೆಲ್ಲಿ ಎಂಬ ಯೋಚನೆಗೆ ಅಧಿಕೃತ ಉತ್ತರ ಬೇಗ ಬರಲಿಲ್ಲ. ಹೊಳೆ ದಾಟಿದರೆ ಗದ್ದೆ, ಬಂಡೆ, ತಂಪು. ಗಡ್ಡೆಯಲ್ಲಿ ಮೊದಲು ಗುಡಿಸಲು ಎದ್ದಿತು, ಆಮೇಲೆ ಹೋಟೆಲು, ರೆಸಾರ್ಟು. ಪರದೇಶದ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ತಂಗಿದರು. ಬೈಕು ಬಾಡಿಗೆ, ಊಟದ ಎಲೆ, ಹರಿಗೋಲಿನ ಬಾಡಿಗೆ, ಬಟ್ಟೆ ಒಗೆಯುವ ಕೂಲಿ, ಹೀಗೆ ಹತ್ತಾರು ಬಗೆಯ ರೊಟ್ಟಿ ಬೇಯಿತು.

ಆದರೆ ನಿಯಮ ಇರಲೇ ಇಲ್ಲ ಎನ್ನುವಂತಿಲ್ಲ. 1961ರ ರಾಜ್ಯದ ಪುರಾತತ್ವ ಕಾಯಿದೆಯ ಕೆಳಗೆ 1988ರಲ್ಲೇ ಅಧಿಸೂಚನೆ ಹೊರಟಿತ್ತು. 2002ರಲ್ಲಿ ಹಂಪಿ ಪ್ರಾಧಿಕಾರದ ಕಾಯಿದೆಯೂ ಆಯಿತು. ಅಧಿಸೂಚನೆ ಸ್ಮಾರಕಗಳಿಗೆ ಮಾತ್ರ, ಊರಿಗಲ್ಲ ಎಂದು ಕಟ್ಟಿದವರು ವಾದಿಸಿದರು. ಹೈಕೋರ್ಟು 2015ರಲ್ಲಿ ಒಪ್ಪಲಿಲ್ಲ. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಕೂಡ, ವಿರೂಪಾಪುರಗಡ್ಡೆಯೂ ಸಂರಕ್ಷಿತ ಪ್ರದೇಶವೇ, ಕಟ್ಟಿದ್ದು ಅಕ್ರಮವೇ ಎಂದು ತೀರ್ಪಿತ್ತಿತು. ಮಾರ್ಚಿನಲ್ಲಿ ಜೆಸಿಬಿ ಬಂತು. ಅದರ ಬೆನ್ನಿಗೇ ಕೊರೋನಾ ಬಂತು. ಗಡ್ಡೆ ಬರಿದಾಯಿತು.

ಕೋರ್ಟು ತಪ್ಪು ಮಾಡಿತು ಎನ್ನಲಾಗದು. ಬಂಡೆ, ಮಂಟಪ, ಹೊಳೆಯ ದಂಡೆ ಯಾರೊಬ್ಬರ ಸ್ವತ್ತೂ ಅಲ್ಲ. 2019ರ ಆಗಸ್ಟಿನಲ್ಲಿ ಡ್ಯಾಮಿನ ನೀರು ಬಿಟ್ಟಾಗ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು. ನಿಯಮವಿಲ್ಲದ ಕಟ್ಟಡಕ್ಕೆ ಆಪತ್ತಿನಲ್ಲಿ ದಿಕ್ಕಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. 1988ಕ್ಕೂ 2020ಕ್ಕೂ ನಡುವೆ 32 ವರ್ಷ. ಮೊದಲ ಗುಡಿಸಲು ಎದ್ದಾಗ ಬೇಡ ಎನ್ನಬಹುದಿತ್ತು. ಇಲ್ಲಿ ಬೇಡ, ಅಲ್ಲಿ ಕಟ್ಟು, ಹೀಗೆ ಕಟ್ಟು ಎಂದು ದಾರಿ ತೋರಿಸಬಹುದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಹಂಪಿಯ ಎದುರು ದಂಡೆಯಲ್ಲಿ ಬೇರೆ ಹೇಳಬೇಕೆ? “ಕಟ್ಟೂ ಮುಂದ ಸುಮ್ಮನಿದ್ರಿ, ಕಟ್ಟಿದ ಮ್ಯಾಲ ಕೆಡವಾಕ ಬಂದ್ರಿ, ನಡುವ ಎಲ್ಲಿದ್ರಿ?” ಎಂದು ಗಡ್ಡೆಯವರು ಕೇಳಿದರೆ ಉತ್ತರ ಕೊಡುವವರು ಯಾರು?

ಅಧಿಕೃತವಾದದ್ದೆಲ್ಲ ಗಟ್ಟಿ ಎಂಬ ಭ್ರಮೆಯೂ ಬೇಡ. ಆನೆಗುಂದಿಗೂ ತಳವಾರಘಟ್ಟಕ್ಕೂ ನಡುವೆ ಸರಕಾರವೇ ಕಟ್ಟಿಸುತ್ತಿದ್ದ ಸೇತುವೆ, ವರ್ಷಗಟ್ಟಲೆ ತಕರಾರಿನಲ್ಲಿ ನಿಂತು, ಕೊನೆಗೆ 2009ರ ಜನವರಿ 22ರಂದು ಕಟ್ಟುತ್ತಿರುವಾಗಲೇ ಕುಸಿಯಿತು. ಕೂಲಿ ಮಾಡಲು ಬಂದವರು ಹೊಳೆಯಲ್ಲಿ ಜೀವ ಬಿಟ್ಟರು. ಅಂದು ಕೂಡ ದಾಟಬೇಕಾದವರನ್ನು ದಾಟಿಸಿದ್ದು ಹರಿಗೋಲೇ.

ಕೆಟ್ಟರೆ ಏನು ಹೋಗುತ್ತದೆ?

ಆಟಕ್ಕೂ ಊರಿಗೂ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಆಟದ ತಿದ್ದುಪಡಿ ಕೆಟ್ಟರೆ ಒಬ್ಬನ ರಾತ್ರಿ ನಿದ್ದೆ ಹೋಗುತ್ತದೆ. ಬೆಳಗ್ಗೆ ಹೊಸದಾಗಿ ಶುರು ಮಾಡಬಹುದು. ಗಡ್ಡೆಯ ಮೇಲಿನ ಬದುಕು ಕೆಟ್ಟರೆ ಸಾಲ ಉಳಿಯುತ್ತದೆ, ಮಗಳ ಮದುವೆ ನಿಲ್ಲುತ್ತದೆ, ಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಲ್ಲಿ ಹಳೆಯದನ್ನು ಉಳಿಸಿಟ್ಟು ಹಿಂದಕ್ಕೆ ಹೋಗುವ ಗುಂಡಿ ಇದೆ. ಇಲ್ಲಿ ಇಲ್ಲ.

ಅದಕ್ಕೇ ಆಟದ ಹುಡುಗರು ಕಲಿತ ಬುದ್ಧಿಯನ್ನು ದೊಡ್ಡವರೂ ಕಲಿಯಬಹುದು. ಮೊದಲನೆಯದು, ಅಧಿಕೃತ ದಾರಿ ಬರುವ ಮುನ್ನ ಮಾಡುವುದಾದರೆ ಸಣ್ಣದಾಗಿ ಮಾಡು, ಕಳಚಿ ತೆಗೆಯಲು ಬರುವಂತೆ ಮಾಡು. ಐಎನ್‌ಐ ಕಡತದ ಎರಡು ಸಾಲು ಅಳಿಸಿದರೆ ಆಟ ಮೊದಲಿನಂತಾಗುತ್ತದೆ, ಕಾಂಕ್ರೀಟು ಹಾಗಲ್ಲ. ಎರಡನೆಯದು, ಮೂಲವನ್ನು ಕೆಡಿಸಬೇಡ. ಒಳ್ಳೆಯ ಮಾಡ್ ಕಂಪನಿಯ ಕಡತವನ್ನು ತಿದ್ದುವುದಿಲ್ಲ, ಪಕ್ಕದಲ್ಲಿ ತನ್ನದನ್ನು ಇಡುತ್ತದೆ. ಸ್ಮಾರಕದ ಪಕ್ಕದಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಮೂರನೆಯದು ಮೇಲೆ ಕೂತವರಿಗೆ. ಜನ ಕಾಯುವುದಿಲ್ಲ. ಹೊಳೆ ದಾಟಲೇಬೇಕಾದವರು ಯಾವತ್ತೂ ಕಾದಿಲ್ಲ. ಹತಾರವನ್ನು ಆಟದ ಡಬ್ಬಿಯಲ್ಲೇ ಇಟ್ಟು ಕೊಡುವ ಬುದ್ಧಿ 2002ರಲ್ಲಿ ಒಂದು ಕಂಪನಿಗೆ ಇತ್ತು ಎಂದಮೇಲೆ, ನಿಯಮವನ್ನೂ ಅನುಮತಿಯ ದಾರಿಯನ್ನೂ ಒಟ್ಟಿಗೇ ಕೊಡುವುದು ಸರಕಾರಕ್ಕೆ ಆಗದ ಕೆಲಸವಲ್ಲ.

ಹಾಗೆ ಮಾಡದೆ, ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಕಡತ ಕೂಡಿಸಿಟ್ಟು, 32 ವರ್ಷದ ಮೇಲೆ ಜೆಸಿಬಿ ಕಳಿಸಿದರೆ, ಕಾಯಿದೆ ಗೆಲ್ಲುತ್ತದೆ. ಊರು ಸೋಲುತ್ತದೆ.

ಸಂಜೆಯಾದರೆ ಗಡ್ಡೆಯ ದಂಡೆಗೆ ವಿರೂಪಾಕ್ಷನ ಗುಡಿಯ ಗಂಟೆ ಕೇಳಿಸುತ್ತದೆ. ದಾಟಬೇಕಾದವರು ಇನ್ನೂ ಇದ್ದಾರೆ. ಸೇತುವೆ ಇಲ್ಲ. ಹರಿಗೋಲಿಗೆ ಡಾಂಬರು ಬಳಿಯುವ ಕೆಲಸ ನಿಂತಿಲ್ಲ.